ಹಳೆಯ ಒಗೆಯುವ ಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ಜನರಿಗೆ ಗುಡಿಯೋ ಕೆರೆಯೋ ಬಾವಿಯೋ ನೆನಪಿಗೆ ಬರುವುದು ಸಹಜ. ಹೊಸದನ್ನು ಕಟ್ಟಿಸುವವನ ಪುಣ್ಯಕ್ಕಿಂತ, ಹಾಳಾದುದನ್ನು ನೆಟ್ಟಗೆ ಮಾಡಿಸುವವನ ಪುಣ್ಯವು ಕಡಮೆಯದಲ್ಲವೆಂದು ಹಿರಿಯರು ಎಣಿಸುತ್ತಿದ್ದರು. ಆ ಘನವಾದ ಶಬ್ದವನ್ನು ಬಚ್ಚಲುಮನೆಯ ಮೂಲೆಯಲ್ಲಿ ನಿಂತಿರುವ ಬಟ್ಟೆ ಒಗೆಯುವ ಹಳೆಯ ಯಂತ್ರಕ್ಕೆ ಹಚ್ಚಿದರೆ ವಾಚಕರಲ್ಲಿ ಕೆಲವರು ನಕ್ಕಾರು. ನಗಲಿ, ಆದರೆ ಆ ಯಂತ್ರವು ಕೆಟ್ಟು ನಿಂತ ದಿನವೇ ಅದರ ದುಡಿಮೆಯೆಲ್ಲ ಯಾರ ತೋಳಿನ ಮೇಲೆ ಬೀಳುವುದೆಂಬುದನ್ನು ಒಂದು ಕ್ಷಣ ಯೋಚಿಸಲಿ. ನೀರು ಕುಡಿದ ಎರಡು ಹಾಸುಹೊದಿಕೆಗಳನ್ನು ಹಿಂಡಿ ನೋಡಿದ ಗಂಡಸು ಮತ್ತೆ ನಗಲಾರನು. ಹೊಸ ಯಂತ್ರವನ್ನು ತರೋಣವೆಂದರೆ ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುವುದು. ಹಳೆಯದನ್ನು ಗುಜರಿಯವನಿಗೆ ಕೊಟ್ಟರೆ ಬರುವುದು ಅಲ್ಪವೇ. ಇವೆರಡರ ನಡುವೆ ಮೂರನೆಯ ಮಾರ್ಗವೊಂದುಂಟು. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮುನಿರಾಬಾದಿನಲ್ಲಿರುವ ನಮಗೆ ಈ ವಿಷಯದಲ್ಲಿ ಪಾಠ ಹೇಳಲು ದೊಡ್ಡದೊಂದು ಯಂತ್ರವೇ ಕಣ್ಣೆದುರಿಗೆ ನಿಂತಿದೆ. ೧೯೪೫ರಲ್ಲಿ ಅಡಿಗಲ್ಲನ್ನು ಕಂಡು, ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿಗೆ ೩೩ ಬಾಗಿಲುಗಳಿವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ, ಜಲಾಶಯವು ತುಂಬಿರುವಾಗ, ೧೯ನೆಯ ಬಾಗಿಲಿನ ಸರಪಳಿಯ ಕೊಂಡಿ ತುಂಡಾಯಿತು, ಬಾಗಿಲು ಕೊಚ್ಚಿಹೋಯಿತು, ರೈತರ ಬೆಳೆಗೆ ಬೇಕಾದ ನೀರು ಹೊಳೆಯ ಪಾಲಾಗತೊಡಗಿತು. ಎಪ್ಪತ್ತು ವರ್ಷ ನಿಂತ ಕಲ್ಲಿನ ಕಟ್ಟಡಕ್ಕೆ ಏನೂ ಆಗಿರಲಿಲ್ಲ. ಸವೆದದ್ದು ಒಂದು ಕೊಂಡಿ. ಸುಮಾರು ಒಂದು ವಾರದಲ್ಲಿ, ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕವಾಗಿ ಆ ದ್ವಾರವನ್ನು ಮುಚ್ಚಿದರು. ಬಾಗಿಲು ಹೋಯಿತೆಂದು ಅಣೆಕಟ್ಟನ್ನು ಯಾರೂ ಗುಜರಿಗೆ ಹಾಕಲಿಲ್ಲ. ಮನೆಯ ಯಂತ್ರದ ಸಂಗತಿಯೂ ಹೀಗೆಯೇ. ಅದು ಸಾಯುವುದು ಪ್ರಾಯಶಃ ವೃದ್ಧಾಪ್ಯದಿಂದಲ್ಲ. ಎಲ್ಲಿಯೋ ಒಂದು ಚಿಕ್ಕ ಭಾಗವು ಸವೆದುದರಿಂದ. ಆ ಭಾಗವನ್ನು ಕಂಡುಹಿಡಿಯುವುದೇ ಜೀರ್ಣೋದ್ಧಾರದ ಮುಕ್ಕಾಲು ಕೆಲಸ.

ಯಂತ್ರದ ಪೂರ್ವೋತ್ತರ

ಬಟ್ಟೆಯನ್ನು ಒಗೆಯುವುದಕ್ಕೂ ವಿಧಿಯುಂಟೆಂಬುದನ್ನು ನಮ್ಮ ಪ್ರಾಚೀನರು ಬಲ್ಲರು. ಅಗಸನು ಬೂರುಗದ ನುಣುಪಾದ ಹಲಗೆಯ ಮೇಲೆ ಮೆಲ್ಲಮೆಲ್ಲನೆ ಒಗೆಯಬೇಕೆಂದೂ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರೊಡನೆ ಬದಲಿಸಬಾರದೆಂದೂ ಮನುಸ್ಮೃತಿಯು ವಿಧಿಸುತ್ತದೆ. ಮರದ ಹಲಗೆ ಅಥವಾ ನುಣ್ಣಗಿನ ಕಲ್ಲನ್ನು ಬಿಟ್ಟು ಬೇರೆ ಕಡೆ ಒಗೆದು ಬಟ್ಟೆಯನ್ನು ಕೆಡಿಸಿದವನಿಗೆ ಕೌಟಿಲ್ಯನು ದಂಡವನ್ನು ಹೇಳಿದ್ದಾನೆ. ಹನ್ನೆರಡನೆಯ ಶತಮಾನದ ನಮ್ಮ ನಾಡು ಮಡಿವಾಳ ಮಾಚಿದೇವರಿಗೆ ಶರಣರ ಸಾಲಿನಲ್ಲಿ ಉನ್ನತವಾದ ಸ್ಥಾನವನ್ನು ಕೊಟ್ಟಿತು.

ಪಾಶ್ಚಾತ್ಯ ದೇಶಗಳಲ್ಲಿ ಜರ್ಮನಿಯ ಷೆಫರ್ ಎಂಬ ವಿದ್ವಾಂಸನು ೧೭೬೭ರಲ್ಲಿ ಒಗೆಯುವ ಯಂತ್ರದ ವಿವರಣೆಯನ್ನು ಪ್ರಕಟಿಸಿದನು. ೧೮೫೧ರಲ್ಲಿ ಅಮೆರಿಕದ ಜೇಮ್ಸ್ ಕಿಂಗನು ತಿರುಗುವ ಪೀಪಾಯಿಯುಳ್ಳ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅಮೆರಿಕದ ಮೇಟ್ಯಾಗ್ ಕಂಪನಿಯು ಉರುಳೆಗಳ ನಡುವೆ ಬಟ್ಟೆಯನ್ನು ಹಿಂಡುವ ಹಳೆಯ ಮಾದರಿಯ ಯಂತ್ರಗಳನ್ನು ೧೯೮೩ರವರೆಗೂ ತಯಾರಿಸುತ್ತಿತ್ತು. ಅಂಥವನ್ನು ಹುಡುಕಿ ತಂದು, ತುಕ್ಕು ತೆಗೆದು, ಮತ್ತೆ ನಡೆಯುವಂತೆ ಮಾಡುವ ಹವ್ಯಾಸಿಗಳು ಆ ದೇಶದಲ್ಲಿ ಈಗಲೂ ಇದ್ದಾರೆ.

ನಮ್ಮ ದೇಶದ ಮಧ್ಯಮ ತರಗತಿಯ ಮನೆಗಳನ್ನು ಈ ಯಂತ್ರವು ಹೊಕ್ಕದ್ದು ೧೯೮೦ರ ದಶಕದ ಕೊನೆಯ ಭಾಗದಿಂದ. ವಿಡಿಯೋಕಾನ್, ಟಿವಿಎಸ್ ವರ್ಲ್‌ಪೂಲ್ ಮುಂತಾದ ಹೆಸರುಗಳು ಆಗ ಮನೆಮಾತಾದುವು. ಅವುಗಳಲ್ಲಿ ವಿಡಿಯೋಕಾನ್ ಸಂಸ್ಥೆಯು ೨೦೧೮ರಲ್ಲಿ ದಿವಾಳಿಯ ವಿಚಾರಣೆಗೆ ಒಳಗಾಯಿತು. ಮಾಡಿದ ಕಂಪನಿಯೇ ಸೊರಗಿದ ಮೇಲೂ ಅದರ ಯಂತ್ರಗಳು ಎಷ್ಟೋ ಮನೆಗಳಲ್ಲಿ ಉಳಿದಿರುವುದರಿಂದ, ಅವುಗಳ ಯೋಗಕ್ಷೇಮವು ಮನೆಯವರ ಕೈಗೇ ಬಂದಿದೆ.

ಅಂಗರಚನೆ

ಈ ಹಳೆಯ ಯಂತ್ರಗಳಲ್ಲಿ ಬಹುಪಾಲು ಜೋಡಿ ತೊಟ್ಟಿಯವು. ಒಂದು ತೊಟ್ಟಿ ಒಗೆಯಲು, ಇನ್ನೊಂದು ಹಿಂಡಲು. ಒಗೆಯುವ ತೊಟ್ಟಿಯ ತಳದಲ್ಲಿ ಪಲ್ಸೇಟರ್ ಎಂಬ ಚಕ್ರವಿದೆ. ಕೆಳಗಿನ ಮೋಟಾರು ಬೆಲ್ಟಿನ ಮೂಲಕ ಅದನ್ನು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗಿಸುತ್ತದೆ. ಹಿಂಡುವ ತೊಟ್ಟಿಗೆ ಬೇರೊಂದು ಮೋಟಾರು ನೇರವಾಗಿ ಜೋಡಿಸಿದೆ. ಅದು ಸ್ಪ್ರಿಂಗುಗಳ ಮೇಲೆ ಕುಳಿತು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಎರಡಕ್ಕೂ ಒಂದೊಂದು ಟೈಮರ್, ಒಂದೊಂದು ಕೆಪ್ಯಾಸಿಟರ್. ಹಿಂಡುವ ಕಡೆಗೆ ಮುಚ್ಚಳವನ್ನು ತೆರೆದೊಡನೆ ಹಿಡಿಯುವ ಬ್ರೇಕು ಉಂಟು. ತಳದಲ್ಲಿ ನೀರು ಹೊರಬಿಡುವ ರಬ್ಬರಿನ ಕವಾಟ. ಇಷ್ಟೇ ಇದರ ಶರೀರ. ಎಲೆಕ್ಟ್ರಾನಿಕ್ ಹಲಗೆಯೆಂಬ ಮಿದುಳು ಇದಕ್ಕಿಲ್ಲ. ಆದುದರಿಂದಲೇ ಇದರ ಚಿಕಿತ್ಸೆಯು ಸುಲಭವಾದುದು.

ರೋಗಪರೀಕ್ಷೆ

ದರ್ಶನ, ಸ್ಪರ್ಶನ, ಪ್ರಶ್ನ ಎಂದು ಆಯುರ್ವೇದವು ಮೂರು ವಿಧವಾದ ಪರೀಕ್ಷೆಗಳನ್ನು ಹೇಳುತ್ತದೆ. ಯಂತ್ರಕ್ಕೂ ಇವೇ ಸಾಕು. ಆದರೆ ಮೊದಲು ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ದೂರ ಇಡತಕ್ಕದ್ದು. ಗುಂಡಿಯನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಹಳೆಯ ತಂತಿಬುರುಡೆಯ ದೀಪದ ಎರಡು ವೈರುಗಳನ್ನು, ಬರಿಗೈ ತಗಲದಂತೆ, ಅದರ ಎರಡು ತುದಿಗಳಿಗೂ ಮುಟ್ಟಿಸಿದರೆ ಆ ಶೇಷವು ಇಳಿಯುವುದು.

ಮೊದಲನೆಯದು ಪ್ರಶ್ನ. ಯಂತ್ರವನ್ನು ದಿನವೂ ನಡೆಸುವ ಗೃಹಿಣಿಯನ್ನು ಕೇಳಬೇಕು: ಕೆಡುವ ಮುಂಚೆ ಏನು ಸದ್ದಾಯಿತು? ಸುಟ್ಟ ವಾಸನೆ ಬಂದಿತೇ? ನೀರು ಎಲ್ಲಿಂದ ಸೋರಿತು? ರಿಪೇರಿಯವನಿಗೆ ತಿಳಿಯದ ಎಷ್ಟೋ ಸಂಗತಿಗಳು ಆಕೆಗೆ ತಿಳಿದಿರುತ್ತವೆ. ಆದರೆ ಆಕೆಯನ್ನು ಕೇಳುವವರೇ ವಿರಳ.

ಎರಡನೆಯದು ದರ್ಶನ. ಹಿಂದಿನ ಹಲಗೆಯನ್ನು ಬಿಚ್ಚಿ ದೀಪ ಹಿಡಿದು ನೋಡಬೇಕು. ಕಳಚಿದ ಬೆಲ್ಟು, ಉಬ್ಬಿದ ಕೆಪ್ಯಾಸಿಟರ್, ಇಲಿ ಕಡಿದ ತಂತಿ ಇವೆಲ್ಲ ಕಣ್ಣಿಗೇ ಬೀಳುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಈ ಯಂತ್ರಗಳ ಪರಮಶತ್ರುವೆಂದರೆ ಇಲಿಯೇ. ಕೆಳಭಾಗಕ್ಕೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆದರೆ ಅರ್ಧ ರೋಗಗಳು ಬರುವುದೇ ಇಲ್ಲ.

ಮೂರನೆಯದು ಸ್ಪರ್ಶನ. ಪಲ್ಸೇಟರನ್ನು ಕೈಯಿಂದ ತಿರುಗಿಸಿ ನೋಡಬೇಕು. ಅದು ಬಿಗಿಯಾಗಿದ್ದರೆ ಕೆಳಗೆ ನಾಣ್ಯ, ಗುಂಡಿ, ಕಾಲುಚೀಲ ಸಿಕ್ಕಿರಬಹುದು ಇಲ್ಲವೇ ಬೇರಿಂಗು ತುಕ್ಕು ಹಿಡಿದಿರಬಹುದು. ಹಗುರವಾಗಿ ತಿರುಗುತ್ತಿದ್ದು, ವಿದ್ಯುತ್ತು ಕೊಟ್ಟಾಗ ಮಾತ್ರ ಗುಂಯ್ ಎಂದು ನಿಂತಲ್ಲಿಯೇ ಇದ್ದರೆ ಕೆಪ್ಯಾಸಿಟರಿನ ಮೇಲೆ ಸಂಶಯಪಡಬೇಕು. ಮನೆಗೆ ಬರುವ ವಿದ್ಯುತ್ತಿನಿಂದ ಈ ಮೋಟಾರು ತಾನಾಗಿ ಹೊರಡಲಾರದು. ಯಾವ ದಿಕ್ಕಿಗೆ ತಿರುಗಬೇಕೆಂದು ಮೊದಲ ತಳ್ಳುವಿಕೆಯನ್ನು ಕೊಡುವುದು ಕೆಪ್ಯಾಸಿಟರು. ಅದು ದುರ್ಬಲವಾದರೆ ಮೋಟಾರು ಗುಣುಗುಣಿಸಿ, ಕಾದು, ಕೊನೆಗೆ ಸುಡುವುದು. ಹಳೆಯದರ ಮೇಲೆ ಅಚ್ಚಾಗಿರುವ ಮೈಕ್ರೋಫ್ಯಾರಡ್ ಅಂಕೆಯದನ್ನೇ ತರಬೇಕು. ಹೆಚ್ಚಿನದನ್ನು ಹಾಕಿದರೆ ಬಲ ಹೆಚ್ಚುವುದೆಂಬುದು ಭ್ರಾಂತಿ. ಇದರ ಬೆಲೆ ಅಲ್ಪ. ಇದನ್ನು ಅರಿಯದೆ ಮೋಟಾರನ್ನೇ ಬಿಸಾಡಿದವರು ಬಹಳ.

ಸದ್ದೇ ಇಲ್ಲದಿದ್ದರೆ ಪ್ಲಗ್ಗು, ತಂತಿ, ಟೈಮರ್ ಇವುಗಳನ್ನು ಕ್ರಮವಾಗಿ ನೋಡಬೇಕು. ಹಿಂಡುವ ಕಡೆಯಾದರೆ ಮುಚ್ಚಳದ ಸ್ವಿಚ್ಚನ್ನೂ ಮರೆಯಬಾರದು. ಚಕ್ರವು ಒಂದೇ ದಿಕ್ಕಿಗೆ ತಿರುಗುತ್ತಿದ್ದರೆ ಟೈಮರಿನ ಒಂದು ಸಂಪರ್ಕವು ಸವೆದಿದೆಯೆಂದು ತಿಳಿಯಬಹುದು. ಕಿರ್ರೆಂದು ಕೂಗಿದರೆ ಬೆಲ್ಟು ಸಡಿಲವಾಗಿದೆ. ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ, ಬೆರಳಿನಿಂದ ಒತ್ತಿದರೆ ಸ್ವಲ್ಪವೇ ಬಗ್ಗುವಷ್ಟು ಎಳೆದು ಬಿಗಿಯಬೇಕು. ನೀರು ನಿಲ್ಲದೆ ಸೋರುತ್ತಿದ್ದರೆ ಕವಾಟದಲ್ಲಿ ಕೂದಲೋ ಮರಳೋ ಸಿಕ್ಕಿರುತ್ತದೆ. ತೊಳೆದರೆ ಸಾಕು, ಇಲ್ಲವೇ ರಬ್ಬರನ್ನು ಬದಲಾಯಿಸಬೇಕು. ಪಲ್ಸೇಟರಿನ ಅಂಚು ಒಡೆದು ಹರಿತವಾಗಿದ್ದರೆ ಅದನ್ನು ಬದಲಿಸಲೇಬೇಕು. ನುಣುಪಾದ ಹಲಗೆಯ ನಿಯಮವು ಇಲ್ಲಿಗೂ ಸಲ್ಲುತ್ತದೆ. ರೇಷ್ಮೆಯ ಸೀರೆಯೊಂದು ಹರಿದ ಮೇಲೆ ಚಕ್ರವನ್ನು ದೂಷಿಸಿ ಫಲವಿಲ್ಲ.

ನೀರಿನ ದೋಷ

ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳ ನೀರನ್ನು ಬಳಸುವವರಿಗೆ ಗಡಸುನೀರಿನ ಉಪದ್ರವವನ್ನು ಹೇಳಿಕೊಡಬೇಕಾಗಿಲ್ಲ. ಸಾಬೂನು ನೊರೆಯಾಗದೆ ಮೊಸರಿನಂತೆ ಒಡೆದು, ಸುಣ್ಣದೊಡನೆ ಸೇರಿ ತೊಟ್ಟಿಯ ಹಿಂಬದಿಯಲ್ಲಿ ಬೂದುಬಣ್ಣದ ಕಿಟ್ಟವಾಗಿ ಕೂರುತ್ತದೆ. ಬಟ್ಟೆಗೆ ದುರ್ಗಂಧ ಬರುವುದು ಇದರಿಂದಲೇ. ಪಲ್ಸೇಟರಿನ ನಡುವಿನ ಸ್ಕ್ರೂ ಬಿಚ್ಚಿ, ಅದನ್ನೆತ್ತಿ, ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕು. ಬಳಿಕ ಬೆಚ್ಚನೆಯ ನೀರಿಗೆ ೧೦೦ ಗ್ರಾಮಿನಷ್ಟು ನಿಂಬೆ ಉಪ್ಪನ್ನು ಹಾಕಿ, ಸ್ವಲ್ಪ ತಿರುಗಿಸಿ, ಒಂದು ಗಂಟೆ ಬಿಟ್ಟು ಹೊರಬಿಡಬೇಕು, ಸುಣ್ಣವು ಕರಗುವುದು. ಬ್ಲೀಚಿಂಗ್ ಪುಡಿಯನ್ನು ಇದರೊಡನೆ ಎಂದಿಗೂ ಸೇರಿಸಬಾರದು. ಪ್ರಾಣಕ್ಕೆ ಅಪಾಯಕರವಾದ ವಿಷವಾಯುವು ಹುಟ್ಟುವುದು.

ತಗಡಿನ ತುಕ್ಕನ್ನು ಮರಳುಕಾಗದದಿಂದ ಹೊಳೆಯುವ ತನಕ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಎನಾಮೆಲ್ ಬಣ್ಣವನ್ನು ಎರಡು ಸಲ ಹಚ್ಚಬೇಕು. ಯಂತ್ರವನ್ನು ನೆಲದಿಂದ ನಾಲ್ಕು ಅಂಗುಲ ಎತ್ತರದ ಪೀಠದ ಮೇಲಿಟ್ಟರೆ ತುಕ್ಕು ಬೇಗನೆ ಮರುಕಳಿಸದು.

ಒಣಗಿಸುವ ಯಂತ್ರ

ನಮ್ಮವರು ಡ್ರೈಯರ್ ಎಂದು ಕರೆಯುವುದು ಹಿಂಡುವ ತೊಟ್ಟಿಯನ್ನು. ಅದು ಬಟ್ಟೆಯನ್ನು ಒಣಗಿಸುವುದಿಲ್ಲ. ಬಟ್ಟೆಯ ತೂಕದ ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ನೀರನ್ನು ಹೊರಗೆ ಎಸೆಯುತ್ತದೆ, ಅಷ್ಟೇ. ಇದು ಗಡಗಡ ನಡುಗಿದರೆ ಮೊದಲು ಬಟ್ಟೆಯನ್ನು ಸಮನಾಗಿ ಹರಡಬೇಕು. ಆಗಲೂ ನಡುಗಿದರೆ ಸ್ಪ್ರಿಂಗು ಮುರಿದಿದೆ. ವೇಗವೇರದಿದ್ದರೆ ಬ್ರೇಕು ಸಡಿಲದೆ ಉಜ್ಜುತ್ತಿದೆ. ತಳದ ರಬ್ಬರಿನ ಸೀಲು ಹರಿದಿದ್ದರೆ ತಡಮಾಡಬಾರದು. ಆ ನೀರು ನೇರವಾಗಿ ಮೋಟಾರಿನ ಮೇಲೆ ಬೀಳುವುದು. ಮುಚ್ಚಳದ ಸ್ವಿಚ್ಚು ಕೆಟ್ಟಿತೆಂದು ಅದನ್ನು ತಪ್ಪಿಸಿ ತಂತಿ ಜೋಡಿಸುವವರುಂಟು. ತಿರುಗುವ ತೊಟ್ಟಿಗೆ ಮಗುವು ಕೈಯಿಟ್ಟರೆ ಆಗುವ ಅನಾಹುತವನ್ನು ನೆನೆದು ಆ ಕೆಲಸಕ್ಕೆ ಕೈಹಾಕಬಾರದು.

ಬಿಸಿಗಾಳಿಯಿಂದ ಒಣಗಿಸುವ ಪೀಪಾಯಿ ಯಂತ್ರಗಳು ಚಳಿದೇಶಗಳ ಅವಶ್ಯಕತೆ. ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋದವರು ಅವನ್ನು ಕಂಡಿರಬಹುದು. ಅಲ್ಲಿ ನೆನಪಿಡತಕ್ಕ ಮಾತು ಒಂದೇ: ಜಾಲರಿಯಲ್ಲಿಯೂ ಗಾಳಿಯ ಕೊಳವೆಯಲ್ಲಿಯೂ ಸೇರುವ ನೂಲಿನ ಧೂಳನ್ನು ತೆಗೆಯುತ್ತಿರಬೇಕು, ಅದು ಹತ್ತಿಕೊಂಡರೆ ಮನೆಗೇ ಬೆಂಕಿ. ಅಮೆರಿಕದ ಯಂತ್ರವನ್ನು ಊರಿಗೆ ತಂದರೆ ಟ್ರಾನ್ಸ್‌ಫಾರ್ಮರು ನಮ್ಮ ೨೩೦ ವೋಲ್ಟನ್ನು ಅಲ್ಲಿಯ ೧೨೦ಕ್ಕೆ ಇಳಿಸೀತು. ಆದರೆ ಅಲ್ಲಿಯ ೬೦ ಆವರ್ತದ ಮೋಟಾರಿಗೆ ಇಲ್ಲಿ ದೊರೆಯುವುದು ೫೦ ಮಾತ್ರ. ಅದು ಮಂದವಾಗಿ ತಿರುಗಿ ಕಾಯುವುದು. ನಮ್ಮ ಊರಿಗೆ ಸೂರ್ಯನೇ ಸಾಕು. ಆತನಿಗೆ ರಿಪೇರಿ ಬೇಕಿಲ್ಲ.

ಯಾರ ನೆರವು, ಎಷ್ಟರವರೆಗೆ

ಮೋಟಾರು ಸುಟ್ಟಿದ್ದರೆ ಮನೆಯವರಿಂದ ಆಗದು. ಆದರೆ ನಿರಾಶರಾಗಬೇಕಾಗಿಲ್ಲ. ನಮ್ಮದು ಪಂಪುಸೆಟ್ಟುಗಳ ನಾಡು. ಗಂಗಾವತಿ, ಕೊಪ್ಪಳ, ಹೊಸಪೇಟೆಗಳಲ್ಲಿ ಮೋಟಾರಿಗೆ ತಂತಿ ಸುತ್ತುವ ಕುಶಲಕರ್ಮಿಗಳುಂಟು. ಗದ್ದೆಯ ಮೋಟಾರನ್ನು ಬದುಕಿಸುವ ಕೈಗೆ ಬಚ್ಚಲಿನ ಮೋಟಾರು ಅಸಾಧ್ಯವಲ್ಲ. ತಾಮ್ರದ ತಂತಿಯನ್ನೇ ಸುತ್ತಬೇಕೆಂದು ಹೇಳಿ ಒಪ್ಪಿಸಬೇಕು. ಬಿಡಿಭಾಗ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿಯೇ ಒಯ್ಯಬೇಕು. ಬಿಚ್ಚುವ ಮುಂಚೆ ಪ್ರತಿಯೊಂದು ತಂತಿಯ ಬಣ್ಣವನ್ನೂ ಸ್ಥಾನವನ್ನೂ ಕಾಗದದಲ್ಲಿ ಬರೆದುಕೊಂಡಿರಬೇಕು.

ಜೀರ್ಣೋದ್ಧಾರಕ್ಕೂ ಮಿತಿಯುಂಟು. ತೊಟ್ಟಿಯೇ ಸೀಳಿದ್ದರೆ, ತಳವೆಲ್ಲ ತುಕ್ಕಿನಿಂದ ಉದುರಿದ್ದರೆ, ಅರ್ಥಿಂಗ್ ಸರಿಯಿದ್ದರೂ ಮೈ ಮುಟ್ಟಿದಾಗ ವಿದ್ಯುತ್ತು ಹೊಡೆಯುತ್ತಿದ್ದು ಬಲ್ಲವರಿಗೂ ಕಾರಣವು ದೊರೆಯದಿದ್ದರೆ, ಅದನ್ನು ಬಿಡುವುದೇ ವಿವೇಕ. ಆಗಲೂ ಅದನ್ನು ತಿಪ್ಪೆಗೆ ಹಾಕದೆ, ೨೦೨೩ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತರಾದವರಿಗೆ ತಲಪಿಸತಕ್ಕದ್ದು. ಒಳ್ಳೆಯ ಬಿಡಿಭಾಗಗಳನ್ನು ಮೊದಲೇ ತೆಗೆದಿಟ್ಟುಕೊಂಡರೆ ನೆರೆಯವರ ಯಂತ್ರಕ್ಕೆ ಜೀವ ಬಂದೀತು.

ಲೋಕವೂ ಈ ಕಡೆಗೆ ತಿರುಗುತ್ತಿರುವಂತೆ ತೋರುತ್ತದೆ. ೨೦೦೯ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆಯು, ಕೆಟ್ಟ ವಸ್ತುಗಳನ್ನು ಜನರು ಕೂಡಿ ಕುಳಿತು ಸರಿಪಡಿಸುವ ರಿಪೇರಿ ಕೆಫೆಯನ್ನು ಆರಂಭಿಸಿದಳು. ೨೦೧೫ರಲ್ಲಿ ಬೆಂಗಳೂರಿನಲ್ಲಿಯೂ ಅಂಥದೊಂದು ಹುಟ್ಟಿತು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು, ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವ ಹಕ್ಕಿಗಾಗಿ ಮಾಹಿತಿಯ ಜಾಲತಾಣವೊಂದನ್ನು ತೆರೆಯಿತು.

ಹಕ್ಕು ದೊರೆತರೆ ಸಾಲದು, ಅಭ್ಯಾಸವೂ ಬೇಕು. ಪ್ರಿಯ ವಾಚಕರೇ, ಮುಂದಿನ ರಜೆಯ ದಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಪ್ಲಗ್ಗನ್ನು ಕಿತ್ತು, ಹಿಂದಿನ ಹಲಗೆಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿರಿ. ಏನೂ ಕೆಟ್ಟಿರದಿದ್ದರೆ ಧೂಳನ್ನಾದರೂ ಒರಸಿ ಮುಚ್ಚಿರಿ. ಮನೆಯ ವಸ್ತುವಿನ ಒಳಗು ಹೇಗಿದೆಯೆಂದು ಒಮ್ಮೆ ಕಂಡ ಮಗುವು ಅದನ್ನು ಬಿಸಾಡುವ ಮುಂಚೆ ಎರಡು ಸಲ ಯೋಚಿಸುವುದು.