ಕತ್ತಲಾದ ಮೇಲೆ ಒಬ್ಬನೇ ಬಸ್ ಹತ್ತಿದೆ

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಂಟರ್ನ್‌ಶಿಪ್ ಎಲ್ಲಿ ಸಿಕ್ತು?’ ಕೆಲವರಿಗೆ ಬೆಂಗಳೂರಿನ ಕಂಪನಿ, ಕೆಲವರಿಗೆ ಆನ್‌ಲೈನ್ ಕೋರ್ಸ್, ಇನ್ನು ಕೆಲವರಿಗೆ ಅಪ್ಪನ ಹಾರ್ಡ್‌ವೇರ್ ಅಂಗಡಿ. ರಜೆಯಲ್ಲಿ ದುಡಿಯುವುದು ನಮ್ಮ ವಯಸ್ಸಿನವರಿಗೆ ಹೊಸದೇನಲ್ಲ. ಮೆಡಿಕಲ್ ಶಾಪಿನಲ್ಲಿ ನಿಲ್ಲುವುದು, ಮದುವೆ ಮನೆಯಲ್ಲಿ ಊಟ ಬಡಿಸುವುದು, ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳುವುದು ಎಲ್ಲವೂ ಮುಂದಿನ ನೌಕರಿಗೆ ಮೊದಲ ಪಾಠಗಳೇ.

ಆದರೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಇಂಥ ಚಿಕ್ಕಪುಟ್ಟ ಕೆಲಸಗಳನ್ನು ಯಾರೂ ಕೊಡುವುದಿಲ್ಲ. ‘ಪಾಪ, ಮನೇಲಿರಲಿ ಬಿಡಿ’ ಎನ್ನುತ್ತಾರೆ. ಡಿಗ್ರಿ ಮುಗಿಸಿ ಸಂದರ್ಶನಕ್ಕೆ ಹೋದಾಗ ಮಾತ್ರ ‘ಅನುಭವ ಏನಿದೆ?’ ಎಂಬ ಪ್ರಶ್ನೆ ಅವರಿಗೂ ಬರುತ್ತದೆ.

ಇದನ್ನು ನಾನು ದೂರ ನಿಂತು ನೋಡಿ ಹೇಳುತ್ತಿಲ್ಲ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ರೆಟಿನಾದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ನಿಧಾನವಾಗಿ ನಶಿಸುತ್ತಾ ಹೋಗುವ ಆನುವಂಶಿಕ ತೊಂದರೆ ಅದು. ಮೊದಲು ಇರುಳುಗಣ್ಣು, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗುತ್ತದೆ. ಹಗಲಿನಲ್ಲಿ ಲ್ಯಾಪ್‌ಟಾಪಿನ ಒಂದು ಸಾಲು ನನಗೆ ಕಾಣುತ್ತದೆ, ಪಕ್ಕದಲ್ಲಿ ಕೂತ ಗೆಳೆಯ ಕಾಣುವುದಿಲ್ಲ. ಕೊಳವೆಯೊಳಗಿಂದ ಲೋಕ ನೋಡಿದ ಹಾಗೆ. ಸಂಜೆ ಏಳರ ನಂತರ ಊರಿನಲ್ಲಿ ಅಪ್ಪನ ಬೈಕು, ಹಾಸ್ಟೆಲಿನಲ್ಲಿ ರೂಮ್‌ಮೇಟ್‌ನ ಭುಜ. ಬಿಇ ಪಾಸಾಗುವ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಆಫೀಸಿನಿಂದ ರೂಮಿಗೆ ವಾಪಸು ಬರುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಇಂಟರ್ನ್‌ಶಿಪ್‌ಗೆಂದು ಒಂದು ಕಂಪನಿಯವರು ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದರು. ಕಣ್ಣಿನ ವಿಷಯ ಹೇಳಿದ ಮೇಲೆ ‘ಆಮೇಲೆ ತಿಳಿಸ್ತೀವಿ’ ಎಂದರು. ಆ ಫೋನ್ ಮತ್ತೆ ಬರಲಿಲ್ಲ.

ಆಗ ಸೇರಿದ್ದು ಬೆಂಗಳೂರಿನಲ್ಲಿ ನಡೆದ ಐದು ವಾರಗಳ ಬೇಸಿಗೆ ತರಬೇತಿಗೆ. ಮೂರು ವಾರ ಸ್ವತಂತ್ರವಾಗಿ ಬದುಕುವ ಕಲಿಕೆ, ಕೊನೆಯ ಎರಡು ವಾರ ಅರ್ಧ ದಿನದ ನಿಜವಾದ ಕೆಲಸ. ‘ಹಾಸ್ಟೆಲಲ್ಲಾದ್ರೆ ಹುಡುಗ್ರು ಇರ್ತಾರೆ. ಅಲ್ಲಿ ನಿನ್ನ ಯಾರು ನೋಡ್ಕೊತಾರಪ್ಪ?’ ಎಂದು ಅಮ್ಮ ಚಳ್ಳಕೆರೆ ಬಸ್ ನಿಲ್ದಾಣದವರೆಗೂ ಕೇಳುತ್ತಲೇ ಇದ್ದರು.

ಕಣ್ಣಿಗೆ ಪಟ್ಟಿ, ಕೈಗೆ ಕೋಲು

ಮೊದಲ ದಿನವೇ ಸ್ವಲ್ಪ ನೋಟ ಇದ್ದವರೆಲ್ಲರ ಕಣ್ಣಿಗೂ ಕಪ್ಪು ಪಟ್ಟಿ ಕಟ್ಟಿದರು. ಹೇಳಿಕೊಡುತ್ತಿದ್ದ ಸರ್‌ಗೆ ಕಣ್ಣು ಪೂರ್ತಿ ಕಾಣುವುದಿಲ್ಲ. ‘ಇರೋ ಚೂರು ದೃಷ್ಟಿ ನಂಬ್ಕೊಂಡು ಕಲಿತ್ರೆ, ಅದು ಹೋದ ದಿನ ಕಲಿತದ್ದೂ ಹೋಗುತ್ತೆ’ ಎಂದರು. ಕೇಳಲು ಕಷ್ಟವಾಗಿತ್ತು. ನನ್ನ ಕಾಯಿಲೆಗೆ ಮಾತ್ರ ಇದಕ್ಕಿಂತ ಸರಿಯಾದ ಪಾಠ ಇನ್ನೊಂದಿಲ್ಲ.

ಬಿಳಿ ಕೋಲನ್ನು ಸುಮ್ಮನೆ ಮುಂದೆ ಹಿಡಿದು ನಡೆಯುವುದಲ್ಲ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲಿಡುವಾಗ ಬಲಕ್ಕೆ. ಕೋಲು ಬೀಸುವ ಅಗಲ ನಮ್ಮ ಭುಜಕ್ಕಿಂತ ತುಸು ಹೆಚ್ಚು. ಹೀಗೆ ಮಾಡಿದರೆ ಮುಂದಿನ ಹೆಜ್ಜೆ ಇಡುವ ಜಾಗ ಮೊದಲೇ ಗೊತ್ತಾಗಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ರೂಪಿಸಿದ ವಿಧಾನ ಇದು. ಮೆಟ್ರೊ ನಿಲ್ದಾಣದಲ್ಲಿ ನೀವು ದಿನವೂ ತುಳಿಯುವ ಹಳದಿ ಟೈಲ್ಸ್ ಕೂಡ ಅಲಂಕಾರಕ್ಕೆ ಹಾಕಿದ್ದಲ್ಲ. ಉದ್ದ ಗೆರೆಗಳಿದ್ದರೆ ‘ಮುಂದೆ ನಡೆ’, ಗುಂಡು ಚುಕ್ಕೆಗಳಿದ್ದರೆ ‘ನಿಲ್ಲು, ಎಚ್ಚರ’. ಜಪಾನಿನ ಸೆಯ್ಚಿ ಮಿಯಾಕೆ ಎಂಬುವರು ರೂಪಿಸಿದ ಈ ಟೈಲ್ಸ್ ಮೊದಲು ಬಳಕೆಗೆ ಬಂದದ್ದು 1967ರಲ್ಲಿ, ಒಕಾಯಾಮಾ ನಗರದ ರಸ್ತೆಯಲ್ಲಿ. ಅದರ ಮೇಲೆ ಬ್ಯಾಗ್ ಇಟ್ಟು ನಿಂತರೆ ನಮ್ಮ ದಾರಿಯೇ ಮುಚ್ಚಿಹೋಗುತ್ತದೆ.

ಅಡುಗೆ ಮನೆಯಲ್ಲಿ ಮೊದಲ ನಿಯಮ, ಪಾತ್ರೆ ಒಲೆಯ ಮೇಲಿಟ್ಟ ನಂತರವೇ ಗ್ಯಾಸ್ ಹಚ್ಚಬೇಕು. ಉಪ್ಪಿನ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆ ಡಬ್ಬಕ್ಕೆ ಎರಡು. ಹಾಲು ಉಕ್ಕುವ ಮೊದಲು ಅದರ ಸದ್ದು ಬದಲಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಇಪ್ಪತ್ತನೇ ವಯಸ್ಸಿನಲ್ಲಿ.

ನೋಟು ಗುರುತಿಸುವ ಪಾಠ ನನ್ನೊಳಗಿನ ಎಂಜಿನಿಯರ್‌ಗೆ ತುಂಬಾ ಹಿಡಿಸಿತು. ಹೊಸ ಸರಣಿಯ ನೂರು, ಇನ್ನೂರು, ಐನೂರರ ನೋಟುಗಳ ಅಗಲ ಒಂದೇ, 66 ಮಿ.ಮೀ. ಉದ್ದ ಮಾತ್ರ 142, 146, 150 ಮಿ.ಮೀ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಿಗೆ ಕಲಿಸಬೇಕು. ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ನೋಟು ಹಳೆಯದಾದರೆ ಗೆರೆ ಸವೆದಿರುತ್ತದೆ. ಆಗ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮನಿ’ ಆ್ಯಪ್ ನೆರವಿಗಿದೆ. ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಎಂದು ಹೇಳುತ್ತದೆ.

ಎರಡು ವಾರದ ನೌಕರಿ

ನನ್ನನ್ನು ಕಳಿಸಿದ್ದು ಜಯನಗರದ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ. ಅವರು ಮಾಡುತ್ತಿದ್ದ ಶಾಪಿಂಗ್ ಆ್ಯಪ್ ಅನ್ನು ಪರದೆ ನೋಡದೆ ಬಳಸಿ, ಎಲ್ಲಿ ಸಿಕ್ಕಿಕೊಳ್ಳುತ್ತೇನೆ ಎಂದು ಬರೆದುಕೊಡುವುದು ಕೆಲಸ. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್‌ಗೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಉಚಿತವಾಗಿಯೇ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಪೈಥಾನ್ ಬರೆಯುವಾಗ ಸಾಲಿನ ಆರಂಭದಲ್ಲಿ ಎಷ್ಟು ಖಾಲಿ ಜಾಗ ಬಿಟ್ಟಿದ್ದೇನೆ ಎಂಬುದನ್ನೂ ಅದು ಸ್ವರದ ಏರಿಳಿತದಲ್ಲಿ ತಿಳಿಸುತ್ತದೆ.

ಆ ಆ್ಯಪ್‌ನಲ್ಲಿ ಸಾಮಾನು ಆರಿಸುವವರೆಗೆ ಎಲ್ಲವೂ ಸರಿ ಇತ್ತು. ಹಣ ಕಟ್ಟುವ ಪುಟದಲ್ಲಿ ಫೋನು ‘ಬಟನ್, ಬಟನ್, ಬಟನ್’ ಎಂದಷ್ಟೇ ಹೇಳಿತು. ಯಾವುದು ಹಣ ಪಾವತಿಸುವುದು, ಯಾವುದು ರದ್ದು ಮಾಡುವುದು ತಿಳಿಯುವಂತಿರಲಿಲ್ಲ. ಡೆವಲಪರ್ ಅಣ್ಣನಿಗೆ ಇಯರ್‌ಫೋನ್ ಕೊಟ್ಟು ಕೇಳಿಸಿದೆ. ಪ್ರತಿ ಬಟನ್‌ಗೆ ಒಂದು ಹೆಸರು ಬರೆದು ಮಧ್ಯಾಹ್ನದೊಳಗೆ ಸರಿಪಡಿಸಿದರು. ನನ್ನ ಜೊತೆಗಿದ್ದ ಕಲಬುರಗಿಯ ಬಿಎ ವಿದ್ಯಾರ್ಥಿ ಒಂದು ಆಸ್ಪತ್ರೆಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ ಮಾಡಿದ. ಯಾವ ಡಾಕ್ಟರ್ ಯಾವಾಗ ಸಿಗುತ್ತಾರೆ ಎಂಬ ಪಟ್ಟಿಯನ್ನು ಮೂರೇ ದಿನಕ್ಕೆ ಬಾಯಿಪಾಠ ಮಾಡಿಕೊಂಡಿದ್ದ.

ಎರಡನೇ ವಾರ ಒಂದು ದಿನ ಆಫೀಸು ಬಿಡುವಾಗ ಏಳೂವರೆ. ಜಯನಗರದಿಂದ ಯಶವಂತಪುರಕ್ಕೆ ಮೆಟ್ರೊ, ಅಲ್ಲಿಂದ ಬಸ್ಸು. ನನಗೆ ದೀಪಗಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೋಲು ಬೀಸುತ್ತಾ ನಡೆದೆ, ಬಸ್ಸಿನ ನಂಬರ್ ಕೇಳಿದೆ, ನಿಲ್ದಾಣ ಬಂದಾಗ ಹೇಳಿ ಎಂದು ಕಂಡಕ್ಟರ್‌ಗೆ ಹೇಳಿದೆ. ರೂಮು ತಲುಪಿ ಫೋನ್ ಮಾಡಿದಾಗ ಅಮ್ಮ ‘ಜೊತೆಗ್ಯಾರಿದ್ರು?’ ಎಂದರು. ‘ಯಾರೂ ಇರ್ಲಿಲ್ಲಮ್ಮ’ ಎಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ‘ಊಟ ಆಯ್ತಾ?’ ಎಂದರು. ಎರಡು ವಾರದ ದುಡಿಮೆಗೆ ಸಿಕ್ಕ ನಾಲ್ಕು ಸಾವಿರಕ್ಕಿಂತ ಆ ಪ್ರಶ್ನೆ ನನಗೆ ದೊಡ್ಡದು.

ಮೀಸಲಾತಿಗೆ ಮುಂಚಿನ ಮೆಟ್ಟಿಲು

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ನೌಕರಿಯಲ್ಲಿ ಶೇ 4ರಷ್ಟು ಮೀಸಲಾತಿ, ಅದರಲ್ಲಿ ಶೇ 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ಆದರೆ ಆ ಹುದ್ದೆಯ ಬಾಗಿಲವರೆಗೆ ಒಬ್ಬರೇ ನಡೆದು ಹೋಗುವುದನ್ನು ಯಾರಾದರೂ ಕಲಿಸಬೇಕಲ್ಲ? ಅಮೆರಿಕದಲ್ಲಿ 2014ರ ಕಾನೂನೊಂದರ ಪ್ರಕಾರ, ಅಂಗವಿಕಲರ ಉದ್ಯೋಗ ಪುನರ್ವಸತಿಗೆ ರಾಜ್ಯಗಳಿಗೆ ಸಿಗುವ ಕೇಂದ್ರದ ಹಣದಲ್ಲಿ ಕನಿಷ್ಠ ಶೇ 15ನ್ನು ಇಂಥ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸಿದ್ಧಗೊಳಿಸಲು ಮೀಸಲಿಡಬೇಕು. ಓದುತ್ತಿರುವಾಗಲೇ ಕೆಲಸದ ಅನುಭವ ಕೊಡಿಸುವುದೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಈ ಕೆಲಸದ ಬಹುಪಾಲು ಭಾರ ಸ್ವಯಂಸೇವಾ ಸಂಸ್ಥೆಗಳ ಮೇಲಿದೆ. ಬೆಂಗಳೂರಿನ ಮಿತ್ರ ಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ವರ್ಷಗಳಿಂದ ದೃಷ್ಟಿದೋಷವುಳ್ಳವರಿಗೆ ತರಬೇತಿ ಕೊಡುತ್ತಿವೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ವಿದ್ಯಾರ್ಥಿ ಇದ್ದರೆ ಡಿಗ್ರಿ ಮುಗಿಯುವವರೆಗೆ ಕಾಯದೆ ಪಿಯುಸಿ ರಜೆಯಲ್ಲೇ ವಿಚಾರಿಸಿ.

ಆ್ಯಪ್ ಮಾಡುವ ಗೆಳೆಯರೇ, ಬಟನ್‌ಗೆ ಹೆಸರು ಬರೆಯಿರಿ. ಒಂದು ಸಾಲಿನ ಕೋಡ್ ಅಷ್ಟೇ. ರಸ್ತೆಯಲ್ಲಿ ಬಿಳಿ ಕೋಲು ಕಂಡರೆ ಕೈ ಹಿಡಿದು ಎಳೆಯಬೇಡಿ, ‘ಸಹಾಯ ಬೇಕಾ?’ ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಳ್ಳುತ್ತಾರೆ. ಅಂಗಡಿಯೋ ಆಫೀಸೋ ನಡೆಸುವವರು ನಿಮಗೆ ಗೊತ್ತಿದ್ದರೆ, ಮುಂದಿನ ಬೇಸಿಗೆಯಲ್ಲಿ ಇಂಥ ಒಬ್ಬರಿಗೆ ಎರಡು ವಾರದ ಕೆಲಸ ಕೊಡಲು ಹೇಳಿ. ಸಂಬಳ ಕೊಡಲಿ, ತಡವಾಗಿ ಬಂದರೆ ಎಲ್ಲರಂತೆ ಬೈಯಲಿ.