ಬಾಡಿಗೆಯ ಆಟ, ಕೊಂಡ ಆಟ

ನಮ್ಮ ಬಾಲ್ಯದಲ್ಲಿ ಊರಿನ ಬಸ್ ನಿಲ್ದಾಣದ ಬಳಿ ಬಾಡಿಗೆ ಸೈಕಲ್ಲಿನ ಅಂಗಡಿಯೊಂದಿತ್ತು. ಗಂಟೆಗೆ ಇಷ್ಟು ಪೈಸೆ ಎಂದು ಲೆಕ್ಕ. ಅಂಗಡಿಯವರು ನಮ್ಮ ಹೆಸರನ್ನೂ ಹೊತ್ತನ್ನೂ ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡು ಸೈಕಲ್ಲನ್ನು ಕೈಗೆ ಕೊಡುತ್ತಿದ್ದರು. ಆ ಒಂದು ಗಂಟೆ ನಾವು ಕೆಳಗೆ ಕಾಲಿಟ್ಟವರಲ್ಲ. ಸ್ವಂತ ಸೈಕಲ್ ಉಳ್ಳ ಗೆಳೆಯನೊಬ್ಬ ಮಾತ್ರ ಅದನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕುಳಿತು ಹರಟುತ್ತಿದ್ದ. ಬಾಡಿಗೆಯ ವಸ್ತುವಿಗೆ ಅವಸರವುಂಟು, ಸ್ವಂತದ್ದಕ್ಕೆ ನಿಶ್ಚಿಂತೆಯುಂಟು ಎಂಬುದು ನನಗೆ ತಿಳಿದದ್ದು ಅಲ್ಲಿಯೇ. ಆದರೆ ಪಂಕ್ಚರ್ ಆದ ದಿನ ತಳ್ಳಿಕೊಂಡು ಹೋಗಿ ದುರಸ್ತಿಗೆ ಕಾಸು ತೆರಬೇಕಾದವನೂ ಆ ಗೆಳೆಯನೇ ಎಂಬುದನ್ನು ಮರೆಯುವಂತಿಲ್ಲ.

ಈ ಹಳೆಯ ಪ್ರಶ್ನೆ ನಮ್ಮ ಕಾಲದಲ್ಲಿ ಒಂದು ಹೊಸ ವಸ್ತುವಿನ ಸುತ್ತ ಮತ್ತೆ ಎದ್ದಿತು. ಆ ವಸ್ತು ವಿಡಿಯೋ ಆಟ. ಅದನ್ನು ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ ಎಂಬ ಮಾತು ಮೊದಲಿಗೆ ಮಕ್ಕಳ ಕೈಖರ್ಚಿನ ವಿಚಾರವಾಗಿ ಕಂಡರೂ, ಮುಂದೆ ಅದು ನ್ಯಾಯಾಲಯಗಳವರೆಗೂ ಶಾಸನಸಭೆಗಳವರೆಗೂ ಹೋಯಿತು. ಹೋದದ್ದೇಕೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಮನೆಯಲ್ಲಿಯೇ ಆಡಬಹುದಾದ ಆಟದ ಯಂತ್ರ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1972ರಲ್ಲಿ. 1977ರಲ್ಲಿ ಅಟಾರಿ ಸಂಸ್ಥೆಯ ಯಂತ್ರ ಬಂದ ಮೇಲೆ ಕಾರ್ಟ್ರಿಜ್ ಎಂಬುದು ಮನೆಮಾತಾಯಿತು. ಕಾರ್ಟ್ರಿಜ್ ಎಂದರೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಚಿಪ್ಪಿನಲ್ಲಿ ಆಟವು ಅಡಕವಾಗಿರುತ್ತದೆ. ಯಂತ್ರ ಒಂದೇ, ಕಾರ್ಟ್ರಿಜ್ ಬದಲಾದಂತೆ ಆಟ ಬದಲಾಗುತ್ತದೆ. ಹೀಗಾಗಿ ಆಟವು ಯಂತ್ರದಿಂದ ಬೇರ್ಪಟ್ಟು, ಪುಸ್ತಕದಂತೆ ಕೈಯಿಂದ ಕೈಗೆ ಹೋಗಬಲ್ಲ ವಸ್ತುವಾಯಿತು. ಬಾಡಿಗೆ ಸಾಧ್ಯವಾದದ್ದು ಈ ಬೇರ್ಪಡೆಯಿಂದಲೇ.

ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವುದಕ್ಕಾಗಿ ಆರಂಭವಾದ ನಿಂಟೆಂಡೋ ಸಂಸ್ಥೆ 1983ರಲ್ಲಿ ತನ್ನ ಆಟದ ಯಂತ್ರವನ್ನು ಸ್ವದೇಶದಲ್ಲಿ ಬಿಡುಗಡೆ ಮಾಡಿ, 1985ರ ಕೊನೆಯಲ್ಲಿ ಅಮೆರಿಕಕ್ಕೆ ಕಳುಹಿಸಿತು. ಅದೇ 1985ರಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಬ್ಲಾಕ್‌ಬಸ್ಟರ್ ಎಂಬ ವಿಡಿಯೋ ಕ್ಯಾಸೆಟ್ಟಿನ ಬಾಡಿಗೆ ಅಂಗಡಿ ತೆರೆಯಿತು. ಸಿನಿಮಾ ಕ್ಯಾಸೆಟ್ಟುಗಳಿದ್ದ ಅಂಗಡಿಗಳ ಕಪಾಟುಗಳಲ್ಲಿ ಆಟದ ಕಾರ್ಟ್ರಿಜ್‌ಗಳೂ ಬಂದು ಕುಳಿತುಕೊಳ್ಳಲು ಬಹಳ ಕಾಲ ಹಿಡಿಯಲಿಲ್ಲ. ಹೊಸ ಆಟಕ್ಕೆ ಸುಮಾರು 40ರಿಂದ 50 ಡಾಲರ್ ಬೆಲೆ. ಬಾಡಿಗೆಗಾದರೆ ಎರಡು ಮೂರು ಡಾಲರಿಗೆ ಶುಕ್ರವಾರ ಸಂಜೆ ಒಯ್ದು ಭಾನುವಾರ ಹಿಂದಿರುಗಿಸಬಹುದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಆಟದ ಬೆಲೆ 50 ಡಾಲರ್, ವಾರಾಂತ್ಯದ ಬಾಡಿಗೆ 3 ಡಾಲರ್ ಎಂದಿಟ್ಟುಕೊಂಡರೆ, ಹದಿನಾರು ಸಲ ಬಾಡಿಗೆಗೆ ತಂದರೂ ಖರ್ಚು 48 ಡಾಲರ್ ಮಾತ್ರ. ಎರಡು ವಾರಾಂತ್ಯಗಳಲ್ಲಿ ಮುಗಿದುಹೋಗುವ ಆಟವನ್ನು ಕೊಳ್ಳುವವನು 6 ಡಾಲರಿನ ಸುಖಕ್ಕೆ 50 ಡಾಲರ್ ತೆತ್ತಂತಾಯಿತು. ಆದರೆ ಲೆಕ್ಕ ಇಷ್ಟಕ್ಕೇ ನಿಲ್ಲದು. ಕೊಂಡವನು ಆಡಿ ಮುಗಿಸಿ 20 ಡಾಲರಿಗೆ ಮಾರಿದರೆ ಅವನ ನಿಜವಾದ ಖರ್ಚು 30 ಡಾಲರಿಗೆ ಇಳಿಯುತ್ತದೆ. ತಮ್ಮನಿಗೆ ಕೊಟ್ಟರೆ? ನೆರೆಮನೆಯ ಹುಡುಗನ ಆಟದೊಡನೆ ಅದಲುಬದಲು ಮಾಡಿಕೊಂಡರೆ? ಅದಕ್ಕೆ ಡಾಲರಿನಲ್ಲಿ ಬೆಲೆ ಕಟ್ಟುವುದು ಕಷ್ಟ. ಹಿಂದಿರುಗಿಸಲು ಒಂದು ದಿನ ತಡವಾದರೆ ತೆರಬೇಕಾದ ದಂಡವನ್ನೂ ಬಾಡಿಗೆಯ ಪಕ್ಷಕ್ಕೆ ಸೇರಿಸಬೇಕು. ಎಷ್ಟೋ ಮನೆಗಳಲ್ಲಿ ಬಾಡಿಗೆಗಿಂತ ದಂಡವೇ ಹೆಚ್ಚಾದದ್ದುಂಟು!

ಆಟವನ್ನು ತಯಾರಿಸುವವರ ಕಣ್ಣಿಗೆ ಈ ವ್ಯಾಪಾರ ಬೇರೆಯಾಗಿಯೇ ಕಂಡಿತು. ಅಂಗಡಿಯವನು ಒಂದು ಕಾರ್ಟ್ರಿಜ್ ಕೊಂಡು ನೂರು ಮಕ್ಕಳಿಗೆ ಬಾಡಿಗೆಗೆ ಕೊಡುತ್ತಾನೆ. ತಯಾರಕನಿಗೆ ಸಿಕ್ಕುವುದು ಒಂದೇ ಕಾರ್ಟ್ರಿಜ್‌ನ ಬೆಲೆ. ತಿಂಗಳುಗಟ್ಟಲೆ ದುಡಿದವರಿಗೆ ಇದು ನಷ್ಟವಲ್ಲವೇ ಎಂಬುದು ಅವರ ದೂರು. ಅಂಗಡಿಯವರ ವಾದವೂ ಹಗುರವಾದದ್ದಲ್ಲ. ಆಟ ಚೆನ್ನಾಗಿದ್ದರೆ ಬಾಡಿಗೆಗೆ ತಂದ ಹುಡುಗನೇ ಮುಂದೆ ಅದನ್ನು ಕೊಳ್ಳುತ್ತಾನೆ. ಚೆನ್ನಾಗಿಲ್ಲದಿದ್ದರೆ ಡಬ್ಬಿಯ ಮೇಲಿನ ಬಣ್ಣದ ಚಿತ್ರ ನೋಡಿ ಮೋಸಹೋಗದೆ ಉಳಿಯುತ್ತಾನೆ ಎಂದು ಅವರು ಹೇಳಿದರು. ನನಗೆ ಇಬ್ಬರ ಮಾತಿನಲ್ಲಿಯೂ ಸತ್ಯ ಕಾಣುತ್ತದೆ. ಆದರೂ ಮಕ್ಕಳ ಕಡೆಯಿಂದ ನೋಡುವವನಾದ್ದರಿಂದ ನನ್ನ ಮನಸ್ಸು ಅಂಗಡಿಯವರತ್ತ ಸ್ವಲ್ಪ ವಾಲುತ್ತದೆ.

ಕಾನೂನು ಯಾರ ಪರವಾಗಿತ್ತು? ಅಮೆರಿಕದಲ್ಲಿ ಇದಕ್ಕೆ ಉತ್ತರ ಹುಡುಕಬೇಕಾದರೆ ವಿಡಿಯೋ ಆಟಗಳು ಹುಟ್ಟುವುದಕ್ಕೂ ಬಹಳ ಹಿಂದಕ್ಕೆ, ಒಂದು ಕಾದಂಬರಿಯ ಕಡೆಗೆ ಹೋಗಬೇಕು. ಪ್ರಕಾಶಕ ಸಂಸ್ಥೆಯೊಂದು ತನ್ನ ಕಾದಂಬರಿಯಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವುದು ತನ್ನ ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದು ಅದನ್ನು 89 ಸೆಂಟಿಗೆ ಮಾರಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ನಡೆದು, 1908ರಲ್ಲಿ ಅಂಗಡಿಯ ಪರವಾಗಿ ತೀರ್ಪಾಯಿತು. ಪುಸ್ತಕದ ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮೇಲೆ ಪ್ರಕಾಶಕರ ಹಿಡಿತ ಮುಗಿಯಿತು. ಕೊಂಡವನು ಅದನ್ನು ಎಷ್ಟಕ್ಕಾದರೂ ಮಾರಬಹುದು ಎಂಬುದು ಅದರ ತಾತ್ಪರ್ಯ. ಮರುವರ್ಷದ ಕೃತಿಸ್ವಾಮ್ಯ ಶಾಸನದಲ್ಲಿಯೂ ಈ ತತ್ತ್ವ ಸೇರಿತು. ಅದರಲ್ಲಿರುವ ಕಥೆಯನ್ನು ಮತ್ತೆ ಅಚ್ಚು ಹಾಕುವ ಹಕ್ಕು ಮಾತ್ರ ಕೊಂಡವನಿಗಿಲ್ಲ. ವಸ್ತು ಬೇರೆ, ಕೃತಿ ಬೇರೆ ಎಂಬ ಈ ಭೇದವನ್ನು ಮನಸ್ಸಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

1989ರಲ್ಲಿ ನಿಂಟೆಂಡೋ ಸಂಸ್ಥೆ ಬ್ಲಾಕ್‌ಬಸ್ಟರ್ ಮೇಲೆ ಮೊಕದ್ದಮೆ ಹೂಡಿತು. ವಿಚಿತ್ರವೆಂದರೆ ಆ ಮೊಕದ್ದಮೆ ಬಾಡಿಗೆಯ ಮೇಲಲ್ಲ. ಬಾಡಿಗೆಗೆ ಕೊಡುವುದನ್ನು ತಡೆಯಲು ಕಾನೂನು ಇರಲಿಲ್ಲ. ಆಟದೊಡನೆ ಬರುವ ಸೂಚನೆಗಳ ಕಿರುಪುಸ್ತಕ ಹತ್ತಾರು ಕೈ ದಾಟುವಾಗ ಹರಿಯುತ್ತಿತ್ತು, ಕಳೆಯುತ್ತಿತ್ತು. ಆದ್ದರಿಂದ ಅಂಗಡಿಗಳಲ್ಲಿ ಅದರ ನಕಲು ತೆಗೆದು ಕೊಡುತ್ತಿದ್ದರು. ಡಬ್ಬಿಯನ್ನು ಬಾಡಿಗೆಗೆ ಕೊಡುವುದು ವಸ್ತುವಿನ ಮಾತು, ಪುಸ್ತಕವನ್ನು ನಕಲು ಮಾಡುವುದು ಕೃತಿಯ ಮಾತು! ಮೇಲೆ ಹೇಳಿದ ಭೇದ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1990ರಲ್ಲಿ ಅಮೆರಿಕದ ಶಾಸನಸಭೆ ಒಂದು ಹೊಸ ಕಾನೂನು ಮಾಡಿ, ಕಂಪ್ಯೂಟರಿನ ತಂತ್ರಾಂಶಗಳನ್ನು ಒಡೆಯರ ಅನುಮತಿಯಿಲ್ಲದೆ ಬಾಡಿಗೆಗೆ ಕೊಡುವುದನ್ನು ನಿಷೇಧಿಸಿತು. ತಂತ್ರಾಂಶದ ತಟ್ಟೆಯನ್ನು ಒಂದು ರಾತ್ರಿ ಬಾಡಿಗೆಗೆ ತಂದವನು ಮನೆಯಲ್ಲಿಯೇ ಅದರ ನಕಲು ಮಾಡಿಕೊಳ್ಳಬಹುದಾಗಿತ್ತು. ಕಾರ್ಟ್ರಿಜ್ ಹಾಗಲ್ಲ, ಸಾಮಾನ್ಯರು ಅದನ್ನು ನಕಲು ಮಾಡುವುದು ಸುಲಭವಲ್ಲ. ಆದ್ದರಿಂದ ಆಟದ ಯಂತ್ರಗಳ ಕಾರ್ಟ್ರಿಜ್‌ಗಳನ್ನು ಈ ನಿಷೇಧದಿಂದ ಹೊರಗಿಟ್ಟರು. ಬಾಡಿಗೆಯ ಅಂಗಡಿಗಳು ಉಳಿದುಕೊಂಡವು.

ಜಪಾನಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಕೃತಿಸ್ವಾಮ್ಯ ಶಾಸನಕ್ಕೆ 1984ರಲ್ಲಿ ಆದ ತಿದ್ದುಪಡಿಯಿಂದ ಬಾಡಿಗೆಯ ಹಕ್ಕು ಕೃತಿಯ ಒಡೆಯರಿಗೇ ಸೇರಿತು. ಒಡೆಯರು ಅನುಮತಿ ಕೊಡಲು ಒಪ್ಪದ್ದರಿಂದ ಆಟಗಳ ಬಾಡಿಗೆ ಅಲ್ಲಿ ಬೇರೂರಲಿಲ್ಲ. ಆದರೆ ನಿಂಟೆಂಡೋ ಅಲ್ಲಿ ಸೊಗಸಾದ ಮಧ್ಯಮಾರ್ಗವೊಂದನ್ನು ಕಂಡುಕೊಂಡಿತು. 1986ರಲ್ಲಿ ಅದು ಕಾರ್ಟ್ರಿಜ್‌ಗೆ ಬದಲಾಗಿ ಅಳಿಸಿ ಬರೆಯಬಹುದಾದ ತಟ್ಟೆಗಳನ್ನು ತಂದು, ಅಂಗಡಿಗಳಲ್ಲಿ ಬರೆಯುವ ಯಂತ್ರಗಳನ್ನು ಇಟ್ಟಿತು. ಆಡಿ ಬೇಸರವಾದ ಆಟದ ತಟ್ಟೆಯನ್ನು ಹುಡುಗನು ಅಂಗಡಿಗೆ ಒಯ್ದು 500 ಯೆನ್ ಕೊಟ್ಟರೆ, ಹಳೆಯ ಆಟವನ್ನು ಅಳಿಸಿ ಹೊಸದನ್ನು ಬರೆದುಕೊಡುತ್ತಿದ್ದರು. ಸ್ಲೇಟು ಹುಡುಗನದು, ಅಕ್ಷರ ಬದಲಾಗುವಂಥದು.

ನಮ್ಮ ದೇಶದಲ್ಲಿಯೂ 1957ರ ಕೃತಿಸ್ವಾಮ್ಯ ಶಾಸನಕ್ಕೆ 1994ರಲ್ಲಿ ಆದ ತಿದ್ದುಪಡಿಯಂತೆ ಕಂಪ್ಯೂಟರ್ ತಂತ್ರಾಂಶವನ್ನು ಬಾಡಿಗೆಗೆ ಕೊಡುವ ಹಕ್ಕು ಅದರ ಒಡೆಯರದು.

ಕಾನೂನಿನಿಂದ ಸಾಧಿಸಲಾಗದ್ದನ್ನು ಅಮೆರಿಕದ ತಯಾರಕರು ಬೇರೆ ಬಗೆಯಲ್ಲಿ ಸಾಧಿಸಲು ಯತ್ನಿಸಿದರು. ಒಂದು ವಾರಾಂತ್ಯದಲ್ಲಿ ಮುಗಿಯದಂತೆ ಆಟವನ್ನೇ ಕಠಿಣಗೊಳಿಸುವುದು ಒಂದು ಉಪಾಯ. 1994ರಲ್ಲಿ ಬಂದ ‘ಲಯನ್ ಕಿಂಗ್’ ಎಂಬ ಆಟದ ಎರಡನೆಯ ಘಟ್ಟವನ್ನು ದಾಟಲಾಗದೆ ಅಳದ ಮಕ್ಕಳಿಲ್ಲ. ಬಾಡಿಗೆಗೆ ತಂದವರು ಬೇಗ ಮುಗಿಸಬಾರದೆಂದೇ ಹಾಗೆ ಮಾಡಿದೆವೆಂದು ತಯಾರಕರಲ್ಲೊಬ್ಬರು ಬಹಳ ಕಾಲದ ಮೇಲೆ ಒಪ್ಪಿಕೊಂಡರು. ಕೊಂಡ ಮಕ್ಕಳೂ ಅದೇ ಶಿಕ್ಷೆ ಅನುಭವಿಸಿದರು ಎಂಬುದು ಇದರ ವಿಪರ್ಯಾಸ.

ಅದೇ ವರ್ಷ ಸೆಗಾ ಎಂಬ ಇನ್ನೊಂದು ಸಂಸ್ಥೆ ಕೇಬಲ್ ತಂತಿಯ ಮೂಲಕವೇ ಮನೆಗೆ ಆಟಗಳನ್ನು ಕಳುಹಿಸತೊಡಗಿತು. ತಿಂಗಳ ಚಂದಾ ಕಟ್ಟಿದವರು ಹಲವು ಆಟಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ವಿದ್ಯುತ್ ಆರಿಸಿದೊಡನೆ ಆಟವೂ ಅಳಿಸಿಹೋಗುತ್ತಿತ್ತು. ಈ ಏರ್ಪಾಡು 1998ರಲ್ಲಿ ನಿಂತಿತಾದರೂ ಅದರ ಹಿಂದಿನ ವಿಚಾರ ನಿಲ್ಲಲಿಲ್ಲ. ಅಂತರ್ಜಾಲ ಹಬ್ಬಿದ ಮೇಲೆ ಡಬ್ಬಿಯೂ ತಟ್ಟೆಯೂ ಇಲ್ಲದೆ ಆಟವು ನೇರವಾಗಿ ಮನೆಯ ಯಂತ್ರಕ್ಕೆ ಇಳಿಯುವಂತಾಯಿತು. ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿಯೆಂದು ಘೋಷಿಸಿಕೊಂಡಿತು. 2017ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತಿಂಗಳ ಚಂದಾ ಕಟ್ಟಿ ನೂರಾರು ಆಟಗಳನ್ನು ಆಡುವ ಯೋಜನೆಯನ್ನು ತಂದಿತು. ಇದು ಸಾಚಾ ಬಾಡಿಗೆ. ಚಂದಾ ನಿಂತರೆ ಆಟವೂ ನಿಲ್ಲುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಇದರಲ್ಲಿ ಮುಚ್ಚುಮರೆಯಿಲ್ಲ.

ಮುಚ್ಚುಮರೆ ಇರುವುದು ಇನ್ನೊಂದು ಕಡೆ. ಅಂತರ್ಜಾಲದ ಅಂಗಡಿಯಲ್ಲಿ ‘ಕೊಳ್ಳಿರಿ’ ಎಂಬ ಗುಂಡಿಯನ್ನು ಒತ್ತಿ ಪೂರ್ಣ ಬೆಲೆ ತೆತ್ತವನು ತಾನು ಆಟವನ್ನು ಕೊಂಡೆನೆಂದು ತಿಳಿಯುತ್ತಾನೆ. ಆದರೆ ಅವನು ಓದದೆ ಒಪ್ಪಿಕೊಂಡ ಕರಾರಿನಲ್ಲಿ ಬೇರೆಯೇ ಬರೆದಿರುತ್ತದೆ: ಅವನಿಗೆ ದೊರೆತದ್ದು ಆಡುವ ಪರವಾನಗಿ ಮಾತ್ರ. ವಸ್ತುವೇ ಇಲ್ಲದ ಮೇಲೆ 1908ರ ತೀರ್ಪು ಯಾವುದಕ್ಕೆ ಅನ್ವಯವಾಗಬೇಕು? ಅವನು ಅದನ್ನು ಮಾರುವಂತಿಲ್ಲ, ತಮ್ಮನಿಗೆ ದಾನ ಮಾಡುವಂತಿಲ್ಲ. 2014ರಲ್ಲಿ ಯೂಬಿಸಾಫ್ಟ್ ಸಂಸ್ಥೆ ‘ದಿ ಕ್ರೂ’ ಎಂಬ ಮೋಟಾರು ಪಂದ್ಯದ ಆಟವನ್ನು ಮಾರಿತು. ಒಬ್ಬನೇ ಕುಳಿತು ಆಡುವಾಗಲೂ ಅದು ಸಂಸ್ಥೆಯ ಸರ್ವರುಗಳೊಡನೆ ಸಂಪರ್ಕದಲ್ಲಿರಬೇಕಾಗಿತ್ತು. 2024ರ ಮಾರ್ಚ್ 31ರಂದು ಸಂಸ್ಥೆ ಆ ಸರ್ವರುಗಳನ್ನು ನಿಲ್ಲಿಸಿತು. ಅಂದಿನಿಂದ, ತಟ್ಟೆಯನ್ನು ಅಂಗಡಿಯಿಂದ ತಂದು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಆ ಆಟ ಆಡಲಾಗದ ವಸ್ತುವಾಯಿತು. ಕೊಂಡವರು ಹತ್ತು ವರ್ಷ ಬಾಡಿಗೆ ಕಟ್ಟಿದ್ದೆವೆಂಬುದನ್ನು ಅಂದು ಅರಿತರು.

ಈ ಘಟನೆಯಿಂದ ಕೆರಳಿದ ಆಟಗಾರರು ಯೂರೋಪಿನಲ್ಲಿ ಸಹಿ ಚಳವಳಿ ಆರಂಭಿಸಿದರು. 2025ರಲ್ಲಿ ಸಹಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಶಾಸನ ಮಾಡಿತು. ಪರವಾನಗಿಯನ್ನಷ್ಟೇ ಕೊಡುವವರು, ಆ ಮಾತನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಪದವನ್ನು ಬಳಸಬಾರದೆಂಬುದು ಅದರ ಆಶಯ. ಒಂದು ಕ್ರಿಯಾಪದದ ಅರ್ಥವನ್ನು ಕಾಯಲು ಶಾಸನವೇ ಬೇಕಾಯಿತು! ಭಾಷೆಯನ್ನು ಬೋಧಿಸಿದ ನನಗೆ ಇದು ಸ್ವಾರಸ್ಯವಾಗಿಯೂ ತುಸು ನೋವಾಗಿಯೂ ಕಾಣುತ್ತದೆ.

ನನ್ನ ಅಕ್ಕನ ಮಗನೊಬ್ಬ ಟೆಕ್ಸಾಸಿನಲ್ಲಿ ಬೆಳೆದವನು. ಹುಡುಗನಾಗಿದ್ದಾಗ ಮನೆಯ ಹತ್ತಿರದ ಅಂಗಡಿಯಿಂದ ‘ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟದ ಚಿನ್ನದ ಬಣ್ಣದ ಕಾರ್ಟ್ರಿಜ್ಜನ್ನು ಬಾಡಿಗೆಗೆ ತರುತ್ತಿದ್ದ. ಆ ಆಟ ಒಂದೆರಡು ದಿನದಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ಆಡಿದಷ್ಟನ್ನು ನೆನಪಿಟ್ಟುಕೊಳ್ಳಲು ಅದರೊಳಗೆ ಒಂದು ಸಣ್ಣ ಬ್ಯಾಟರಿಯಿತ್ತು. ಮೂವರ ಹೆಸರುಗಳಿಗೆ ಮಾತ್ರ ಜಾಗ. ಮೊದಲ ಸಲ ತಂದಾಗ ಮೂರರಲ್ಲಿಯೂ ಯಾರೋ ಮಕ್ಕಳ ಹೆಸರುಗಳಿದ್ದವಂತೆ. ಒಬ್ಬನಂತೂ ಆಟವನ್ನು ಬಹುಪಾಲು ಮುಗಿಸಿದ್ದ. ತಾನು ಆಡಬೇಕಾದರೆ ಒಂದು ಹೆಸರನ್ನು ಅಳಿಸಬೇಕು. “ಮಾವ, ಶುಕ್ರವಾರ ರಾತ್ರಿಯೆಲ್ಲ ಯಾರನ್ನು ಅಳಿಸಲಿ ಎಂದೇ ಯೋಚಿಸುತ್ತಿದ್ದೆ” ಎಂದು ಅವನು ನನಗೆ ಹೇಳಿದ. ಕಡೆಗೆ ಎಲ್ಲರಿಗಿಂತ ಕಡಿಮೆ ಆಡಿದ್ದವನ ಹೆಸರನ್ನು ಅಳಿಸಿ ತನ್ನದನ್ನು ಬರೆದ. ಎರಡು ವಾರದ ಮೇಲೆ ಅದೇ ಕಾರ್ಟ್ರಿಜ್ ಮತ್ತೆ ಸಿಕ್ಕಿದಾಗ ಅವನ ಹೆಸರು ಅಲ್ಲಿರಲಿಲ್ಲ.

ಅಂಗಡಿ ಹಳೆಯ ಆಟಗಳನ್ನು ಅಗ್ಗಕ್ಕೆ ಮಾರಿದಾಗ ಆ ಕಾರ್ಟ್ರಿಜ್ಜನ್ನು ಅವನೇ ಕೊಂಡ. ಬೆನ್ನಿನ ಮೇಲಿನ ಬಾಡಿಗೆಯ ಚೀಟಿ ಇನ್ನೂ ಹಾಗೆಯೇ ಇದೆ. ಕೆಲವು ವರ್ಷಗಳ ಹಿಂದೆ ಒಳಗಿನ ಬ್ಯಾಟರಿ ಸತ್ತು ಎಲ್ಲ ಹೆಸರುಗಳೂ ಮಾಯವಾದವು. ಅವನು ಡಬ್ಬಿಯನ್ನು ಬಿಚ್ಚಿ, ಹಳೆಯದನ್ನು ತೆಗೆದು ಹೊಸ ಬ್ಯಾಟರಿಯನ್ನು ತಾನೇ ಬೆಸೆದ. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಈಗ ಅವನ ಮಗಳು ಅದನ್ನು ಆಡುತ್ತಾಳೆ. ಮೊದಲ ಸಾಲಿನಲ್ಲಿ ಅವಳ ಹೆಸರಿದೆ, ಎರಡನೆಯದರಲ್ಲಿ ಅವನದು, ಮೂರನೆಯದು ಖಾಲಿಯಾಗಿದೆ.