ಸುರುಲಿನ ಶ್ರೀನಿಕೇತನ

ಬಂಗಾಳದ ಬೀರಭೂಮ ಜಿಲ್ಲೆಯ ಶಾಂತಿನಿಕೇತನವನ್ನು ನೋಡಬೇಕೆಂದು ಹೋದ ಕನ್ನಡಿಗರಲ್ಲಿ ಬಹುಮಂದಿ ಅಲ್ಲಿಯ ಮಾವಿನ ತೋಪಿನಲ್ಲಿ ಕುಳಿತು, ಕಲಾಭವನದ ಭಿತ್ತಿಚಿತ್ರಗಳನ್ನು ಕಂಡು, ಕವಿ ರವೀಂದ್ರನಾಥ ಠಾಕೂರರು ವಾಸವಾಗಿದ್ದ ಮನೆಗಳಿಗೆ ಕೈಮುಗಿದು ಸಂತುಷ್ಟರಾಗಿ ಹಿಂದಿರುಗುವುದುಂಟು. ಅಲ್ಲಿಂದ ಎರಡು ಮೂರು ಕಿಲೋಮೀಟರಿನಷ್ಟು ದೂರದಲ್ಲಿ, ಮಳೆನೀರು ಕೊರೆದು ಕೊರಕಲಾಗಿಸಿದ ಕೆಮ್ಮಣ್ಣಿನ ಸೀಮೆಯಲ್ಲಿ, ಸುರುಲ್ ಎಂಬ ಹಳ್ಳಿಯ ಮಗ್ಗುಲಲ್ಲಿ, ಅದೇ ಕವಿಯ ಹೃದಯಕ್ಕೆ ಅಷ್ಟೇ ಹತ್ತಿರವಾಗಿದ್ದ ಇನ್ನೊಂದು ಸಂಸ್ಥೆಯಿರುವುದು ಅವರಲ್ಲಿ ಎಷ್ಟೋ ಜನರ ಗಮನಕ್ಕೆ ಬಾರದು. ಅದರ ಹೆಸರು ಶ್ರೀನಿಕೇತನ. ಗ್ರಾಮಗಳ ಪುನರುಜ್ಜೀವನವನ್ನೇ ವ್ರತವಾಗಿ ಕೈಕೊಂಡ ಸಂಸ್ಥೆಗಳು ಇಂದು ನಮ್ಮ ದೇಶದಲ್ಲಿ ಅಸಂಖ್ಯವಾಗಿವೆ. ಅಂಥದೊಂದನ್ನು ನಡೆಸುವುದೆಂದರೇನು, ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಎಲ್ಲಿ ಎಡವಬೇಕಾಗುತ್ತದೆ ಎಂಬ ಪ್ರಶ್ನೆಗಳನ್ನು ಒಂದು ಶತಮಾನಕ್ಕೂ ಹಿಂದೆಯೇ ಎದುರಿಸಿದ ಹಿರಿಯ ಸಂಸ್ಥೆಯಿದು.

ಶ್ರೀನಿಕೇತನದ ಬೇರು ಸುರುಲಿನಲ್ಲಿಲ್ಲ, ಪದ್ಮಾನದಿಯ ತೀರದಲ್ಲಿದೆ. 1890ರ ದಶಕದಲ್ಲಿ ರವೀಂದ್ರನಾಥ ಠಾಕೂರರು ಶಿಲಾಯಿದಹ, ಪತಿಸರ ಮೊದಲಾದ ಕಡೆ ತಮ್ಮ ಮನೆತನದ ಜಮೀನುದಾರಿಕೆಯನ್ನು ನೋಡಿಕೊಳ್ಳುತ್ತ ದೋಣಿಮನೆಯಲ್ಲಿ ವಾಸಿಸುತ್ತಿದ್ದಾಗ, ರೈತರ ಸಾಲವನ್ನೂ ರೋಗವನ್ನೂ ಅದಕ್ಕಿಂತ ಹೆಚ್ಚಾಗಿ ಅವರ ಹತಾಶೆಯನ್ನೂ ಕಣ್ಣಾರೆ ಕಂಡರು. ಬೆಂಕಿ ಬಿದ್ದರೆ ಆರಿಸಲು ನೀರಿಲ್ಲದ ಹಳ್ಳಿಯೊಂದರ ಜನಕ್ಕೆ, ನೀವು ಬಾವಿ ತೋಡಿ, ಕಟ್ಟಿಸುವ ವೆಚ್ಚವನ್ನು ನಾನು ಕೊಡುತ್ತೇನೆ ಎಂದು ಅವರು ಹೇಳಿದಾಗ, ಮೀನಿನ ಎಣ್ಣೆಯಲ್ಲಿ ಮೀನನ್ನೇ ಹುರಿಯುವ ಉಪಾಯವಿದೆಂದು ಆ ಜನ ಒಪ್ಪಲಿಲ್ಲ. ಬೆವರು ತಮ್ಮದು, ಜಲದಾನದ ಪುಣ್ಯ ಜಮೀನುದಾರನದು ಎಂಬುದು ಅವರ ತರ್ಕವಾಗಿದ್ದಿತು. ಈ ಪ್ರಸಂಗವನ್ನು ಕವಿಯು ಮುಂದೆ ತಾವೇ ಹೇಳಿಕೊಂಡಿದ್ದಾರೆ. ಇದನ್ನು ಕೇಳಿ ಹಳ್ಳಿಗರನ್ನು ಮೂಢರೆಂದು ಜರೆಯುವುದು ಸುಲಭ; ರವೀಂದ್ರರು ಹಾಗೆ ಜರೆಯದೆ, ಮೇಲಿನಿಂದ ಬಂದ ಉಪಕಾರವು ಎಷ್ಟೇ ಶುದ್ಧವಾಗಿರಲಿ, ಅದು ತನ್ನದೆಂದು ಹಳ್ಳಿಗೆ ತೋರುವವರೆಗೆ ಅಲ್ಲಿ ಏನೂ ಬೇರೂರದೆಂಬ ಪಾಠವನ್ನು ಅದರಿಂದ ಕಲಿತರು. ಶ್ರೀನಿಕೇತನದ ಸಮಸ್ತ ಇತಿಹಾಸವೂ ಆ ತೋಡದ ಬಾವಿಗೆ ಕೊಟ್ಟ ಉತ್ತರವೆಂದೇ ನನ್ನ ಭಾವನೆ.

ಪತಿಸರದಲ್ಲಿ 1905ರಲ್ಲಿ ಅವರು ಸ್ಥಾಪಿಸಿದ ಕೃಷಿ ಬ್ಯಾಂಕು, ಲೇವಾದೇವಿಗಾರರ ಬಾಯಿಂದ ರೈತರನ್ನು ಬಿಡಿಸುವುದಕ್ಕಾಗಿ ಹುಟ್ಟಿದುದು. 1913ರ ನೊಬೆಲ್ ಪಾರಿತೋಷಕದ ಹಣವನ್ನೂ ಅವರು ಅದರಲ್ಲಿಯೇ ತೊಡಗಿಸಿದರು. ಸಿರಿವಂತರು ಮಕ್ಕಳನ್ನು ಬ್ಯಾರಿಸ್ಟರರಾಗಲೆಂದು ವಿಲಾಯಿತಿಗೆ ಕಳುಹಿಸುತ್ತಿದ್ದ ಕಾಲದಲ್ಲಿ, 1906ರಲ್ಲಿ, ಮಗ ರಥೀಂದ್ರನಾಥನನ್ನು ಬೇಸಾಯದ ಶಾಸ್ತ್ರವನ್ನು ಕಲಿತು ಬರಲೆಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ ತಂದೆ ಇವರು. 1912ರಲ್ಲಿ ಸುರುಲಿನ ಹಳೆಯ ಕೋಠಿಯೊಂದನ್ನು ಕೊಂಡುಕೊಂಡರಾದರೂ, ಮಲೇರಿಯಾದ ಕಾಟದಿಂದ ಅಲ್ಲಿ ಕೆಲಸ ನೆಲೆಗೊಳ್ಳಲಿಲ್ಲ.

ಆ ಕೆಲಸಕ್ಕೆ ಬೇಕಾದ ಮನುಷ್ಯನು ದೊರೆತದ್ದು ಅಮೆರಿಕದಲ್ಲಿ. ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣನು ಕೇಂಬ್ರಿಜ್ಜಿನಲ್ಲಿ ಇತಿಹಾಸವನ್ನು ಓದಿ, ಯುದ್ಧಕಾಲದಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಹಳ್ಳಿಗಳಿಗೆ ಏನಾದರೂ ಮಾಡಬೇಕಾದರೆ ಮೊದಲು ಬೇಸಾಯವನ್ನು ಕಲಿಯಬೇಕೆಂದು ನಿಶ್ಚಯಿಸಿ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದ್ದನು. ಕವಿಯ ಕರೆಯನ್ನು ಮನ್ನಿಸಿ 1921ರ ಕೊನೆಯಲ್ಲಿ ಶಾಂತಿನಿಕೇತನಕ್ಕೆ ಬಂದ ಅವನು, 1922ರ ಫೆಬ್ರವರಿ 6ರಂದು ಹತ್ತು ಮಂದಿ ವಿದ್ಯಾರ್ಥಿಗಳೊಡನೆ ಸುರುಲಿನ ಕೋಠಿಯಲ್ಲಿ ಬೀಡುಬಿಟ್ಟನು.

ಶ್ರೀನಿಕೇತನದ ಆರಂಭವು ಎಲ್ಲಿಂದ ಆಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಾಷಣದಿಂದಲ್ಲ, ಪಾಠದಿಂದಲ್ಲ, ಪಾಯಿಖಾನೆಯಿಂದ. ಅಡಿಗೆಯೂ ತಮ್ಮದೇ, ಶುಚೀಕರಣವೂ ತಮ್ಮದೇ ಎಂದು ಗೊತ್ತುಮಾಡಿಕೊಂಡು, ಸದ್ವಂಶದ ಆ ಹುಡುಗರು ಮಲವನ್ನು ತಾವೇ ಹೊತ್ತು ಕಂದಕಗಳಲ್ಲಿ ಹೂತು, ಆ ನೆಲದಲ್ಲಿ ತರಕಾರಿ ಬೆಳೆದರು. ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಹಿಂದಿರುಗಿಸದ ಜನಾಂಗವು ಭೂಮಿಯನ್ನು ಲೂಟಿಮಾಡುತ್ತಿದೆಯೆಂಬುದು ಎಲ್ಮ್‌ಹರ್ಸ್ಟನ ದೃಢ ನಂಬಿಕೆಯಾಗಿದ್ದಿತು. 1922ರಲ್ಲಿಯೇ ಅವನು ಆ ವಿಷಯವಾಗಿ ಉಪನ್ಯಾಸವನ್ನೂ ಮಾಡಿದನು. ಆದರೆ ಉಪನ್ಯಾಸಕ್ಕಿಂತ ಆ ಕಂದಕದ ಮಾತೇ ದೊಡ್ಡದು. ತನ್ನ ಹೊಲಸನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸುವವನು ಪರರ ಕೇರಿಗೆ ಹೋಗಿ ನೈರ್ಮಲ್ಯವನ್ನು ಬೋಧಿಸುವ ಅಧಿಕಾರವನ್ನು ಎಲ್ಲಿಂದ ಪಡೆಯಬೇಕು?

ಸುರುಲಿನ ಸುತ್ತಣ ಹಳ್ಳಿಗಳನ್ನು ಕಾಡುತ್ತಿದ್ದ ಶತ್ರುಗಳು ಮೂರು ಎಂದು ಎಲ್ಮ್‌ಹರ್ಸ್ಟ್ ಲೆಕ್ಕಹಾಕಿದನು: ಕಪಿಗಳು, ಮಲೇರಿಯಾ, ಪರಸ್ಪರ ಅವಿಶ್ವಾಸ. ಮೊದಲನೆಯದು ತೋಟವನ್ನು ಹಾಳುಮಾಡುತ್ತಿತ್ತು, ಎರಡನೆಯದು ದೇಹವನ್ನು. ಮೂರನೆಯದಕ್ಕೆ ಔಷಧವು ಯಾವ ಅಂಗಡಿಯಲ್ಲಿಯೂ ಸಿಗುವಂತಿರಲಿಲ್ಲ. ಆ ಕಾರ್ಯದಲ್ಲಿ ಅವನಿಗಿಂತಲೂ ಮಿಗಿಲಾಗಿ ನೆನೆಯಬೇಕಾದವರು ಕಾಲೀಮೋಹನ ಘೋಷರು. ಹಿಂದೆ ಶಿಲಾಯಿದಹದಲ್ಲಿಯೂ ಕವಿಯ ಗ್ರಾಮಸೇವೆಗೆ ಹೆಗಲು ಕೊಟ್ಟಿದ್ದ ಇವರು ಹಳ್ಳಿಯಿಂದ ಹಳ್ಳಿಗೆ ನಡೆದು, ಜಗಲಿಗಳಲ್ಲಿ ಕುಳಿತು, ಹಿಂದೂಗಳು, ಮುಸಲ್ಮಾನರು, ಸಂತಾಲರು ಎಲ್ಲರ ಕಷ್ಟಸುಖಗಳನ್ನೂ ಕೇಳಿ, ಮನೆಮನೆಯ ಸಾಲ, ಬೆಳೆ, ಕಾಯಿಲೆಗಳ ಸಮೀಕ್ಷೆಯನ್ನು ನಡೆಸಿದರು. ಬಲ್ಲಭಪುರವೆಂಬ ಹಳ್ಳಿಯ ಸಮೀಕ್ಷೆಯು ಆ ಬಗೆಯ ಕೆಲಸಕ್ಕೆ ಮಾದರಿಯಾಯಿತು. ಗ್ರೆಚೆನ್ ಗ್ರೀನ್ ಎಂಬ ಅಮೆರಿಕದ ದಾದಿಯು ಔಷಧಾಲಯವನ್ನು ತೆರೆದಳು. ಹಳ್ಳಿಯ ಹುಡುಗರೇ ಸೇರಿದ ವ್ರತೀಬಾಲಕರೆಂಬ ದಳಗಳು ನಿಂತ ನೀರನ್ನು ಬರಿದುಮಾಡುವುದು, ಕ್ವಿನೈನ್ ಹಂಚುವುದು ಮುಂತಾದ ಕೆಲಸಗಳನ್ನು ತಮ್ಮದಾಗಿಸಿಕೊಂಡವು.

ಕಾಲಕ್ರಮದಲ್ಲಿ ಹುಟ್ಟಿದ ಸ್ವಾಸ್ಥ್ಯ ಸಮಿತಿಗಳನ್ನು ನಾನು ಈ ಸಂಸ್ಥೆಯ ಅತ್ಯಂತ ಪಕ್ವವಾದ ಫಲವೆಂದು ಎಣಿಸುತ್ತೇನೆ. ಗ್ರಾಮಸ್ಥರು ಚಂದಾ ಕೂಡಿಸಿ, ಸಹಕಾರ ತತ್ತ್ವದ ಮೇಲೆ ವೈದ್ಯನೊಬ್ಬನನ್ನು ತಾವೇ ಇಟ್ಟುಕೊಳ್ಳುವ ವ್ಯವಸ್ಥೆಯದು. ಧರ್ಮಾಸ್ಪತ್ರೆಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವವನಿಗೂ, ತಾನು ಸದಸ್ಯನಾದ ಸಮಿತಿಯ ವೈದ್ಯನನ್ನು ಮನೆಗೆ ಕರೆಸಿಕೊಳ್ಳುವವನಿಗೂ ಎಷ್ಟು ಅಂತರ! ಪದ್ಮಾತೀರದವರು ಒಲ್ಲೆವೆಂದ ಬಾವಿಯನ್ನು ಬೀರಭೂಮದವರು ಇಲ್ಲಿ ತೋಡಿದರೆನ್ನಬಹುದು.

ಬಡವರ ಮಕ್ಕಳಿಗೆ ಕೈಗೆಲಸದ ಮೂಲಕವೇ ವಿದ್ಯೆಯನ್ನು ಕೊಡುವ ಶಿಕ್ಷಾಸತ್ರವು 1924ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾಗಿ, 1927ರಲ್ಲಿ ಶ್ರೀನಿಕೇತನಕ್ಕೆ ಬಂದಿತು. ವಾರ್ಧಾದಲ್ಲಿ ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆಯು ರೂಪುಗೊಂಡುದು ಅದಕ್ಕೆ ಹತ್ತು ವರ್ಷಗಳ ತರುವಾಯ. ಶಿಲ್ಪಭವನದಲ್ಲಿ ನೇಯ್ಗೆ, ಮರಗೆಲಸ, ಚರ್ಮದ ಕುಸುರಿ, ಕವಿಯು 1927ರಲ್ಲಿ ಜಾವಾಕ್ಕೆ ಹೋಗಿಬಂದ ಮೇಲೆ ಬಾಟಿಕ್, ಇವೆಲ್ಲ ಬೆಳೆದವು. ಆ ಚರ್ಮದ ಚೀಲಗಳ ಸೌಂದರ್ಯವನ್ನು ಯಾರು ತಾನೆ ಮೆಚ್ಚಲಿಕ್ಕಿಲ್ಲ? ಆದರೂ, ಕಲಕತ್ತೆಯ ದಿವಾನಖಾನೆಗಳ ಅಭಿರುಚಿಯನ್ನು ನೆಚ್ಚಿ ಬೆಳೆದ ಕಸುಬು ಹಳ್ಳಿಯ ಕಸುಬುದಾರನನ್ನು ಮತ್ತೆ ಪಟ್ಟಣದ ಕೃಪೆಗೇ ಕಟ್ಟಿಹಾಕಬಹುದಲ್ಲವೇ ಎಂಬ ಸಂದೇಹವು ನನ್ನನ್ನು ಬಿಟ್ಟಿಲ್ಲ.

ಹಣದ ಮಾತೂ ಅಂಥದೇ. ಆರಂಭದ ವರ್ಷಗಳ ವೆಚ್ಚದ ಬಹುಭಾಗವನ್ನು ಹೊತ್ತವಳು ಡೊರೊಥಿ ಸ್ಟ್ರೇಟ್ ಎಂಬ ಅಮೆರಿಕದ ಉದಾರ ಮಹಿಳೆ. ಸ್ವಾವಲಂಬನವನ್ನು ಕಲಿಸಹೊರಟ ಸಂಸ್ಥೆಯು ತಾನು ಪರರ ದಾನದಿಂದ ಬದುಕಬೇಕಾದುದು ಕ್ಲೇಶಕರವಾದ ಸ್ಥಿತಿ. ಇಂಥ ಸಂಸ್ಥೆಗಳನ್ನು ನಡೆಸುವವರೆಲ್ಲರೂ ಇಂದಿಗೂ ಈ ಕ್ಲೇಶವನ್ನು ಬಲ್ಲರು. ಎಲ್ಮ್‌ಹರ್ಸ್ಟ್ 1925ರಲ್ಲಿ ಅವಳನ್ನೇ ವಿವಾಹವಾಗಿ, ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟಿಂಗ್‌ಟನ್ ಎಂಬಲ್ಲಿ ಶಿಥಿಲವಾಗಿದ್ದ ಹಳೆಯ ಅರಮನೆಯೊಂದನ್ನು ಕೊಂಡು, ಸುರುಲಿನಲ್ಲಿ ಕಲಿತುದನ್ನು ತನ್ನ ನಾಡಿನ ಹಳ್ಳಿಗಾಡಿನಲ್ಲಿ ಬಿತ್ತಿದನು. ಗ್ರಾಮೋದ್ಧಾರದ ಪಾಠವು ಭಾರತದಿಂದ ಆಂಗ್ಲಭೂಮಿಗೆ ಹೋದ ಈ ಸಂಗತಿಯನ್ನು ನಮ್ಮವರು ಇನ್ನಷ್ಟು ತಿಳಿದಿರಬೇಕಾಗಿತ್ತು.

1928ರ ಬೇಸಿಗೆಯಲ್ಲಿ ರವೀಂದ್ರರು ನಮ್ಮ ಬೆಂಗಳೂರಿನಲ್ಲಿದ್ದರು. ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಯಾಗಿದ್ದುಕೊಂಡು ‘ಶೇಷೇರ್ ಕವಿತಾ’ ಕಾದಂಬರಿಯನ್ನು ಅವರು ಮುಗಿಸಿದ್ದು ಆಗಲೇ; ಶೀಲರು 1921ರಲ್ಲಿ, ಕವಿಯು ಶಾಂತಿನಿಕೇತನದಲ್ಲಿ ಕಟ್ಟಿದ ವಿದ್ಯಾಸಂಸ್ಥೆಯಾದ ವಿಶ್ವಭಾರತಿಯ ಉದ್ಘಾಟನಾ ಸಭೆಯ ಅಧ್ಯಕ್ಷರಾಗಿದ್ದವರು. ಊರಿಗೆ ಮರಳಿದ ಕವಿಯು ಆ ಮಳೆಗಾಲದಲ್ಲಿ ಶ್ರೀನಿಕೇತನದ ಹೊಲಕ್ಕಿಳಿದು, ಮಂತ್ರಘೋಷದ ನಡುವೆ, ಸಿಂಗರಿಸಿದ ಎತ್ತುಗಳನ್ನು ಹೂಡಿದ ನೇಗಿಲಿನ ಮೇಣಿಯನ್ನು ತಮ್ಮ ಕೈಯಿಂದಲೇ ಹಿಡಿದರು. ನೇಗಿಲನ್ನು ಮುಟ್ಟುವುದೇ ಮೇಲುಕುಲಕ್ಕೆ ಹೀನವೆಂದೆಣಿಸಿದ್ದ ಸಮಾಜದಲ್ಲಿ ಅರುವತ್ತೇಳು ವರ್ಷದ ಬ್ರಾಹ್ಮಣ ಕವಿಯೊಬ್ಬನು ಮೇಣಿ ಹಿಡಿದುದು ಕೇವಲ ಉತ್ಸವವಲ್ಲ. ನಂದಲಾಲ ಬಸು ಅದನ್ನು ಅಲ್ಲಿಯ ಗೋಡೆಯ ಮೇಲೆ ಚಿತ್ರವಾಗಿ ಬರೆದರು.

ಇಡೀ ದೇಶದ ಹೊಣೆಯನ್ನು ನಾನು ಹೊರಲಾರೆ, ಒಂದೆರಡು ಹಳ್ಳಿಗಳಾದರೂ ಅಜ್ಞಾನದಿಂದ, ಅಸಹಾಯಕತೆಯಿಂದ ಮುಕ್ತವಾದರೆ ಸಾಕು ಎಂಬ ಅರ್ಥದ ಮಾತನ್ನು ಕವಿಯು ಕೊನೆಗಾಲದಲ್ಲಿ ಹೇಳಿದ್ದುಂಟು. 1951ರಲ್ಲಿ ವಿಶ್ವಭಾರತಿಯು ಕೇಂದ್ರೀಯ ವಿಶ್ವವಿದ್ಯಾಲಯವಾದಾಗ ಶ್ರೀನಿಕೇತನವೂ ಅದರ ಅಂಗವಾಯಿತು. ಮಳೆಗಾಲದಲ್ಲಿ ಆ ನೇಗಿಲು ಹೂಡುವ ಉತ್ಸವವು, ಎಂದರೆ ಹಲಕರ್ಷಣವು, ಅಲ್ಲಿ ಈಗಲೂ ನಡೆಯುತ್ತದೆ. ಪ್ರತಿವರ್ಷ ಫೆಬ್ರವರಿ 6ಕ್ಕೆ ಸೇರುವ ವಾರ್ಷಿಕ ಮೇಳಕ್ಕೆ ಸುತ್ತಣ ಹಳ್ಳಿಗಳ ರೈತರು ತಾವು ಬೆಳೆದ ತರಕಾರಿಗಳನ್ನು ಪ್ರದರ್ಶನಕ್ಕೆಂದು ಹೊತ್ತು ತರುತ್ತಾರೆ.